ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಕಾಟೇಜ್, ಅಡುಗೆ ನಮ್ಮದೇ: ಅಪ್ಪ-ಅಮ್ಮ, ಮಕ್ಕಳ ಜೊತೆ ಹೋಗಿಬಂದವರು ಹೇಳಿ

ಪ್ರಶ್ನೆ, ಬರ್ಮಿಂಗ್‌ಹ್ಯಾಮ್‌ನಿಂದ

ಜುಲೈ ಕೊನೆಯ ವಾರ ಮಕ್ಕಳಿಗೆ ಶಾಲೆ ರಜೆ. ಅಷ್ಟೊತ್ತಿಗೆ ಮೈಸೂರಿನಿಂದ ಅಪ್ಪ-ಅಮ್ಮನೂ ಬಂದಿರುತ್ತಾರೆ. ಅಪ್ಪನಿಗೆ ಮಂಡಿನೋವು. ಅಮ್ಮ ಹೊರಗಿನ ಊಟ ಮುಟ್ಟುವುದಿಲ್ಲ. ಮಕ್ಕಳಿಗೆ ಗುಡ್ಡ ಹತ್ತಬೇಕು, ದೋಣಿಗೆ ಹುಟ್ಟು ಹಾಕಬೇಕು ಅಂತ ಒಂದೇ ಹಟ. ಅದಕ್ಕೇ ಹೋಟೆಲ್ ಬೇಡ, ಇಂಗ್ಲೆಂಡಿನ ವಾಯವ್ಯದಲ್ಲಿರುವ ಈ ಸರೋವರ-ಗುಡ್ಡಗಳ ಸೀಮೆಯಲ್ಲಿ ಅಡುಗೆಮನೆ ಇರುವ ಕಾಟೇಜ್ ಹಿಡಿಯೋಣ ಅಂತಿದ್ದೇವೆ. ಯಾವ ಊರಲ್ಲಿ ಹಿಡಿಯೋದು? ಏನೇನು ಒಯ್ಯಬೇಕು? ಎಲ್ಲರೂ ಒಟ್ಟಿಗೆ ಮಾಡುವಂಥದ್ದು ಏನಿದೆ?

ಮ್ಯಾಂಚೆಸ್ಟರ್‌ನಿಂದ

ಕಣ್ಣುಮುಚ್ಚಿ ಕೆಸಿಕ್ ಅಂತ ಹೇಳ್ತೇನೆ. ಊರೊಳಗೇ ಸಿಕ್ಕರೆ ತುಂಬಾ ಒಳ್ಳೆಯದು, ಇಲ್ಲವಾದರೆ ಪಕ್ಕದ ಪೋರ್ಟಿನ್‌ಸ್ಕೇಲ್. ಫೋಟೋದಲ್ಲಿ ಚೆಂದ ಕಾಣುವ ಒಂಟಿ ಮನೆಗಳಿಗೆ ಮರುಳಾಗಬೇಡಿ. ಅಲ್ಲಿದ್ದರೆ ಒಂದು ಲೀಟರ್ ಹಾಲಿಗೂ ಕಾರು ತೆಗೆಯಬೇಕು. ರಸ್ತೆ ಒಂದೇ ಗಾಡಿಯ ಅಗಲ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಿ ಜಾಗ ಕೊಡಬೇಕು. ಕಾರು ಓಡಿಸುವವರ ಅರ್ಧ ರಜೆ ಅದರಲ್ಲೇ ಕಳೆದುಹೋಗುತ್ತದೆ. ವಯಸ್ಸಾದವರು, ಮಕ್ಕಳು ಇಬ್ಬರೂ ಜೊತೆಗಿದ್ದಾಗ, ಯಾರಿಗೆ ಸಾಕಾಯಿತೋ ಅವರು ಮನೆಗೆ ನಡೆದು ಬರುವಂತಿರಬೇಕು. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಕೆಸಿಕ್‌ನಲ್ಲಿ ಡರ್ವೆಂಟ್‌ವಾಟರ್ ಸರೋವರ ಊರಿನ ಅಂಚಿಗೇ ಇದೆ. ಅಲ್ಲಿನ ಲಾಂಚ್ ದೋಣಿ ದಿನವಿಡೀ ಸರೋವರದ ಸುತ್ತ ದೋಣಿಕಟ್ಟೆಯಿಂದ ದೋಣಿಕಟ್ಟೆಗೆ ಓಡಾಡುತ್ತದೆ. ನಿಮ್ಮಂಥ ಕುಟುಂಬಕ್ಕೆ ಇದು ವರ ಅಂತಲೇ ಹೇಳಬೇಕು. ಎಲ್ಲರೂ ಒಟ್ಟಿಗೆ ಹತ್ತಿ. ಹಾಸ್ ಎಂಡ್ ಅನ್ನುವ ಕಟ್ಟೆಯಲ್ಲಿ ನೀವೊಬ್ಬರು ಮಕ್ಕಳ ಜೊತೆ ಇಳಿದು ಕ್ಯಾಟ್‌ಬೆಲ್ಸ್ ಗುಡ್ಡ ಹತ್ತಿ. ಅಪ್ಪ-ಅಮ್ಮ ಅದೇ ದೋಣಿಯಲ್ಲಿ ಮುಂದುವರಿದು ಪೂರ್ತಿ ಸುತ್ತು ಹಾಕಿ ಬರಲಿ. ಒಂದು ಸುತ್ತಿಗೆ ಸುಮಾರು 50 ನಿಮಿಷ. ಕಾರಲ್ಲೇ ಹಾಸ್ ಎಂಡ್‌ಗೆ ಹೋಗುವ ಯೋಚನೆ ಬೇಡ. ರಜೆ ದಿನಗಳಲ್ಲಿ ಬೆಳಿಗ್ಗೆಯೇ ಅಲ್ಲಿ ರಸ್ತೆಬದಿ ತುಂಬಿಹೋಗಿರುತ್ತದೆ.

ಕ್ಯಾಟ್‌ಬೆಲ್ಸ್ 451 ಮೀಟರ್. ತುದಿಯ ಹತ್ತಿರ ಬಂಡೆಯ ಮೇಲೆ ಕೈಯೂರಿ ಹತ್ತಬೇಕಾದ ಜಾಗವಿದೆ. ಸವೆದು ನುಣುಪಾದ ಕಲ್ಲು, ಮಳೆ ಬಿದ್ದಿದ್ದರೆ ಜಾರುತ್ತದೆ. ಒಣಗಿದ ದಿನ ನೋಡಿ ಹೋಗಿ, ಕಾಲಿಗೆ ಒಳ್ಳೆಯ ಹಿಡಿತದ ಬೂಟು ಇರಲಿ. ಮೇಲೆ ನಿಂತಾಗ ಒಂದು ಕಡೆ ಇಡೀ ಸರೋವರ, ಇನ್ನೊಂದು ಕಡೆ ನ್ಯೂಲ್ಯಾಂಡ್ಸ್ ಕಣಿವೆಯ ಹಸಿರು. ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಎತ್ತರದ ಅಂಕಿ ನೋಡಿ ಮೋಸ ಹೋಗಬೇಡಿ. ಇಂಗ್ಲೆಂಡಿನ ಅತಿ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930, ಅದರ ಮುಂದೆ ಇದ್ಯಾವ ಲೆಕ್ಕ ಅನ್ನಿಸಬಹುದು. ಆದರೆ ಮುಳ್ಳಯ್ಯನಗಿರಿಯಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ. ಇಲ್ಲಿ ಬುಡದ ಸೀತ್‌ವೇಟ್ ಹಳ್ಳಿಯಿಂದ ಹೊರಟರೆ ಸುಮಾರು 850 ಮೀಟರ್ ಕಾಲಲ್ಲೇ ಏರಬೇಕು. ಈ ಸಲಕ್ಕೆ ಅದು ಬೇಡ.

ಲೀಡ್ಸ್‌ನಿಂದ

ಅಡುಗೆಮನೆ ಬಗ್ಗೆ ನಾನು ಹೇಳ್ತೇನೆ. ನಮ್ಮ ಮನೆಯಲ್ಲೂ ಅತ್ತೆ ಹೊರಗೆ ತಿನ್ನುವುದಿಲ್ಲ, ಹಾಗಾಗಿ ಪ್ರತಿ ಬೇಸಿಗೆಯೂ ಕಾಟೇಜೇ.

ಬುಕ್ ಮಾಡುವ ಮೊದಲು ಒಲೆ ಯಾವುದು ಅಂತ ಕೇಳಿ. ಇಂಡಕ್ಷನ್ ಆದರೆ ನಿಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ. ತಳಕ್ಕೆ ಆಯಸ್ಕಾಂತ ಅಂಟಬೇಕು, ಅಂಟದಿದ್ದರೆ ಆ ಪಾತ್ರೆ ಮನೆಯಲ್ಲೇ ಇರಲಿ. ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಂದು, ಕಬ್ಬಿಣದ ದೋಸೆ ಕಾವಲಿ ಒಂದು, ಇವೆರಡಿದ್ದರೆ ವಾರ ದೂಡಬಹುದು. ಗಾಜಿನ ಒಲೆಯ ಮೇಲೆ ಕಾವಲಿಯನ್ನು ಎಳೆದಾಡಬೇಡಿ, ಗೀರು ಬೀಳುತ್ತದೆ.

ಇನ್ನು ಒಗ್ಗರಣೆ. ಕಾಟೇಜುಗಳಲ್ಲಿ ಸೂರು ತಗ್ಗು, ಹೊಗೆ ಅಲಾರಂ ತಲೆಯ ಮೇಲೇ ಇರುತ್ತದೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿದ್ದ ಕೂಡಲೇ ಕಿರುಚಿಕೊಳ್ಳುತ್ತದೆ. ಅದನ್ನು ಬಿಚ್ಚಿಡುವುದಾಗಲಿ, ಮುಚ್ಚುವುದಾಗಲಿ ಯಾವ ಕಾರಣಕ್ಕೂ ಮಾಡಬೇಡಿ. ಹಳೇ ಮರದ ತೊಲೆಗಳ ಮನೆ, ಪ್ರಾಣದ ವಿಷಯ. ಒಲೆ ಹಚ್ಚುವ ಮೊದಲೇ ಕಿಟಕಿ ತೆರೆದು, ಫ್ಯಾನ್ ಹಾಕಿ, ಅಡುಗೆಮನೆ ಬಾಗಿಲು ಮುಚ್ಚಿಕೊಳ್ಳಿ. ಎಣ್ಣೆ ಹೊಗೆಯಾಡುವ ತನಕ ಬಿಡಬೇಡಿ. ನಾನು ಒಗ್ಗರಣೆಯನ್ನೆಲ್ಲ ಮನೆಯಲ್ಲೇ ಮಾಡಿ ಡಬ್ಬಿಗೆ ತುಂಬುತ್ತೇನೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಕಲಸಿದ ಉಪ್ಪಿಟ್ಟಿನ ರವೆ ಇವಿಷ್ಟಿದ್ದರೆ ಬೆಳಗಿನ ಚಿಂತೆಯಿಲ್ಲ. ಗುಡ್ಡದ ಮೇಲೆ ಪುಳಿಯೋಗರೆ ಡಬ್ಬಿ ತೆರೆದ ಸುಖವೇ ಬೇರೆ ಬಿಡಿ.

ಅರಿಶಿನ ಅಡುಗೆಮನೆಯ ಬಿಳಿ ಕಟ್ಟೆಗೆ, ಮಾಲೀಕರ ಬಿಳಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಕೈಬಟ್ಟೆ, ಹೆಚ್ಚುವ ಮಣೆ ನಿಮ್ಮದೇ ಒಯ್ಯಿರಿ. ಹಳ್ಳಿ ಕಡೆಯ ಎಷ್ಟೋ ಮನೆಗಳಿಗೆ ಊರ ಚರಂಡಿ ಇರುವುದಿಲ್ಲ, ಸೆಪ್ಟಿಕ್ ಟ್ಯಾಂಕ್. ಎಣ್ಣೆ, ಅನ್ನದ ಅಗುಳು ಸಿಂಕಿಗೆ ಬಿಡಬೇಡಿ. ದೋಸೆ ಹಿಟ್ಟನ್ನು ಹುದುಗಿಸಿಕೊಂಡೇ ಹೋಗಿ, ಆ ಕಲ್ಲಿನ ಮನೆಗಳಲ್ಲಿ ಜುಲೈಯಲ್ಲೂ ರಾತ್ರಿ ತಣ್ಣಗಿರುತ್ತದೆ. ಕರಿಬೇವು, ಬೇಳೆ, ತೆಂಗಿನಕಾಯಿ ಎಲ್ಲ ನಿಮ್ಮೂರಲ್ಲೇ ಕೊಂಡುಬಿಡಿ. ಹಾಲು, ಮೊಸರು, ತರಕಾರಿ ಕೆಸಿಕ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಧಾರಾಳವಾಗಿ ಸಿಗುತ್ತದೆ.

ಲ್ಯಾಂಕ್ಯಾಸ್ಟರ್‌ನಿಂದ

ಮಂಡಿನೋವು ಅಂದಿರಲ್ಲ, ಮನೆಯ ಒಳಗಿನದ್ದು ಯಾರೂ ಹೇಳಲಿಲ್ಲ. ಹಳೇ ಕಾಟೇಜುಗಳ ಮೆಟ್ಟಿಲು ಕಡಿದು, ಇಕ್ಕಟ್ಟು. ಮಲಗುವ ಕೋಣೆ ಮೇಲೆ, ಕಕ್ಕಸು ಕೆಳಗೆ ಇರುವ ಮನೆಗಳೂ ಇವೆ. ರಾತ್ರಿ ಎದ್ದು ಹೋಗುವವರಿಗೆ ಅದು ಅಪಾಯ. ಅದಕ್ಕಿಂತ ದೊಡ್ಡ ತೊಂದರೆ ಸ್ನಾನದ್ದು. ಎಷ್ಟೋ ಕಡೆ ಷವರ್ ಇರುವುದು ಟಬ್ಬಿನ ಮೇಲೆ. ಮಂಡಿ ಎತ್ತರದ ಅಂಚು ದಾಟಿ ಒಳಗಿಳಿಯಬೇಕು, ಒದ್ದೆ ಕಾಲಲ್ಲಿ ಮತ್ತೆ ದಾಟಿ ಹೊರಬರಬೇಕು, ಹಿಡಿದುಕೊಳ್ಳಲು ಗೋಡೆಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಮಾಲೀಕರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಕೆಳಗೆ ಮಲಗುವ ಕೋಣೆ ಇದೆಯಾ, ನೆಲದಲ್ಲೇ ನಿಂತು ಸ್ನಾನ ಮಾಡುವ ಷವರ್ ಇದೆಯಾ. ಎರಡಕ್ಕೂ ಹೌದು ಅಂದ ಮನೆ ಸ್ವಲ್ಪ ದುಬಾರಿಯಾದರೂ ಹಿಡಿಯಿರಿ. ಒಂದು ಚೊಂಬು, ಒಂದು ರಬ್ಬರ್ ಮ್ಯಾಟ್ ಬ್ಯಾಗಿನಲ್ಲಿ ಹಾಕಿಕೊಳ್ಳಿ.

ಅಪ್ಪನಿಗೆ ಗುಡ್ಡವೇ ಇಲ್ಲ ಅಂದುಕೊಳ್ಳಬೇಡಿ. ಕೆಸಿಕ್ ನೆತ್ತಿಯ ಮೇಲಿರುವ ಲ್ಯಾಟ್ರಿಗ್ 368 ಮೀಟರ್. ಅದರ ಹಿಂಭಾಗದಲ್ಲಿ ಎತ್ತರದಲ್ಲೇ ಒಂದು ಸಣ್ಣ ಕಾರ್ ಪಾರ್ಕ್ ಇದೆ. ಅಲ್ಲಿಂದ ತುದಿಯವರೆಗೆ ನಿಧಾನ ಏರಿನ ಸಮನಾದ ದಾರಿ, ಗಾಲಿಕುರ್ಚಿಯವರನ್ನೂ ಮನಸ್ಸಿನಲ್ಲಿಟ್ಟು ಮಾಡಿದ್ದು. ನಮ್ಮ ತಂದೆ ಕೋಲು ಹಿಡಿದು ಅಲ್ಲಿಗೆ ಹೋಗಿ ಕೂತು, ಕೆಳಗಿನ ಸರೋವರ ನೋಡುತ್ತಾ ಏಳಲೊಲ್ಲರು.

ಇನ್ನೊಂದು, ಕೆಸಿಕ್‌ನಿಂದ ಥ್ರೆಲ್ಕೆಲ್ಡ್ ಹಳ್ಳಿಯವರೆಗಿನ ಹಳೇ ರೈಲು ದಾರಿ, ಈಗ ಅದು ನಡೆಯುವ ದಾರಿ. ಸುಮಾರು 5 ಕಿಲೋಮೀಟರ್, ಏರಿಳಿತ ಅಷ್ಟಿಲ್ಲ. 2015ರ ಪ್ರವಾಹದಲ್ಲಿ ಸೇತುವೆಗಳು ಕೊಚ್ಚಿಹೋಗಿದ್ದವು, ಮತ್ತೆ ಕಟ್ಟಿ 2020ರ ಡಿಸೆಂಬರಿನಲ್ಲಿ ತೆರೆದರು. ಮಕ್ಕಳು ಬಾಡಿಗೆ ಸೈಕಲ್‌ನಲ್ಲಿ ಮುಂದೆ ಮುಂದೆ ಹೋಗಲಿ, ದೊಡ್ಡವರು ಹೊಳೆಯ ಪಕ್ಕ ಮಾತಾಡುತ್ತಾ ಹಿಂದಿನಿಂದ ಬರಲಿ.

ನಾಟಿಂಗ್‌ಹ್ಯಾಮ್‌ನಿಂದ

ಎಲ್ಲರೂ ಕೆಸಿಕ್ ಅಂತಿದ್ದೀರಿ. ನಾನು ಒಪ್ಪುವುದಿಲ್ಲ. ಕಾರಿಲ್ಲದೆ ಹೋಗುವವರಿಗೆ ವಿಂಡರ್‌ಮಿಯರೇ ಸರಿ, ಊರಿನ ತನಕ ರೈಲು ಬರುತ್ತದೆ. ಕೆಸಿಕ್‌ಗೆ ಪೆನ್ರಿತ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ವಿಂಡರ್‌ಮಿಯರ್ ಮತ್ತು ಆಂಬಲ್‌ಸೈಡ್ ನಡುವೆ ಬ್ರಾಕ್‌ಹೋಲ್ ಅಂತ ನ್ಯಾಷನಲ್ ಪಾರ್ಕಿನ ಕೇಂದ್ರವಿದೆ. ಸರೋವರದ ದಡದ ಹುಲ್ಲುಹಾಸಿನಲ್ಲಿ ಹಿರಿಯರು ಕೂತಿರಬಹುದು, ಮಕ್ಕಳಿಗೆ ಆಟಕ್ಕೆ ಬೇಕಾದಷ್ಟಿದೆ.

ಮತ್ತೆ ಬರ್ಮಿಂಗ್‌ಹ್ಯಾಮ್‌ನಿಂದ

ಕಾರು ಇದೆ, ಹಾಗಾಗಿ ಕೆಸಿಕ್ ಕಡೆಗೇ ಮನಸ್ಸು ವಾಲಿದೆ. ಮಳೆ ಹಿಡಿದರೆ ಏನು ಮಾಡೋದು? ರ‍್ಯಾವೆನ್‌ಗ್ಲಾಸ್‌ನ ಪುಟಾಣಿ ರೈಲು ದೂರವಾ?

ಮ್ಯಾಂಚೆಸ್ಟರ್‌ನಿಂದ

ಮಳೆ ಬಂದೇ ಬರುತ್ತದೆ, ಅದಕ್ಕೆ ತಯಾರಾಗಿಯೇ ಹೋಗಿ. ಮೇಲೆ ಹೇಳಿದ ಸೀತ್‌ವೇಟ್ ಇಂಗ್ಲೆಂಡಿನಲ್ಲಿ ಜನವಸತಿ ಇರುವ ಅತಿ ಹೆಚ್ಚು ಮಳೆಯ ಜಾಗ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಆಗುಂಬೆಯ ಹತ್ತಿರಹತ್ತಿರ ಅರ್ಧ. ಆದರೆ ಇಲ್ಲಿ ದಿನವಿಡೀ ಸುರಿಯುವುದಕ್ಕಿಂತ ಬಂದು ಹೋಗಿ ಮಾಡುವುದೇ ಜಾಸ್ತಿ. ಇಂಥ ದಿನ ಇಂಥದ್ದು ಅಂತ ಮೊದಲೇ ಗಂಟು ಹಾಕಬೇಡಿ. ಹಿಂದಿನ ರಾತ್ರಿ ಬೆಟ್ಟದ ಹವಾಮಾನ ವರದಿ ನೋಡಿ ತೀರ್ಮಾನಿಸಿ. ಜುಲೈಯಲ್ಲಿ ರಾತ್ರಿ 9ರ ತನಕ ಬೆಳಕಿರುತ್ತದೆ, ಮಧ್ಯಾಹ್ನ ಮಳೆ ನಿಂತರೂ ಒಂದು ಒಳ್ಳೆಯ ನಡಿಗೆಗೆ ಸಮಯ ಸಾಕು. ಪೂರ್ತಿ ಮಳೆ ಹಿಡಿದ ದಿನಕ್ಕೆ ಕೆಸಿಕ್‌ನಲ್ಲೇ ಪೆನ್ಸಿಲ್ ಮ್ಯೂಸಿಯಂ ಇದೆ. ಸೀತ್‌ವೇಟ್‌ನ ಗುಡ್ಡದಲ್ಲಿ 16ನೇ ಶತಮಾನದಲ್ಲಿ ಸಿಕ್ಕ ಗ್ರಾಫೈಟ್‌ನಿಂದಲೇ ಇಲ್ಲಿ ಪೆನ್ಸಿಲ್ ಕಸುಬು ಬೆಳೆದದ್ದು.

ರೈಲು ಚೆನ್ನಾಗಿದೆ, ಆದರೆ ದಾರಿ ದೂರ. ಪಶ್ಚಿಮದ ಕರಾವಳಿ ಸುತ್ತಿಕೊಂಡೇ ಹೋಗಿ. ಆಂಬಲ್‌ಸೈಡ್ ಕಡೆಯಿಂದ ಹೊರಟರೆ ನ್ಯಾವಿಗೇಷನ್ ಹತ್ತಿರದ ದಾರಿ ಅಂತ ಹಾರ್ಡ್‌ನಾಟ್ ಪಾಸ್ ಅನ್ನುವ ಘಾಟಿಯ ಮೇಲೆ ಕಳಿಸಬಹುದು. ಅಲ್ಲಿ ಏರು ಮೂರಕ್ಕೊಂದು, ಅಂದರೆ ಮೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ, ಜೊತೆಗೆ ಹೇರ್‌ಪಿನ್ ತಿರುವು. ತುಂಬಿದ ಕಾರಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವ ರಸ್ತೆಯಲ್ಲ ಅದು.

ದೋಣಿಗೆ ಬಂದರೆ, ಸರೋವರದ ನೀರು ಜುಲೈಯಲ್ಲೂ ಉಸಿರು ಕಟ್ಟುವಷ್ಟು ತಣ್ಣಗಿರುತ್ತದೆ. ಈಜು ಬರಲಿ ಬಿಡಲಿ, ಲೈಫ್ ಜಾಕೆಟ್ ಬಿಚ್ಚಕೂಡದು. ಗುಡ್ಡದಲ್ಲಿ ಯಾರಿಗಾದರೂ ಪೆಟ್ಟಾದರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಬರುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಬ್ರಾಕನ್ ಜರೀಗಿಡದ ನಡುವೆ ನಡೆದ ದಿನ ಸಂಜೆ ಮಕ್ಕಳ ಮಂಡಿಯ ಹಿಂದೆ, ಕಂಕುಳಲ್ಲಿ ಉಣ್ಣೆ ಹುಳ (ಟಿಕ್) ಕಚ್ಚಿದೆಯಾ ನೋಡಿ.

ಹೊರಡುವ ದಿನ ಸಾಮಾನ್ಯವಾಗಿ ಬೆಳಿಗ್ಗೆ 10ಕ್ಕೆ ಮನೆ ಖಾಲಿ ಮಾಡಬೇಕು. ಆವತ್ತಿಗೆ ಕ್ಯಾಸಲ್‌ರಿಗ್‌ನ ಕಲ್ಲಿನ ವೃತ್ತ ಇಟ್ಟುಕೊಳ್ಳಿ. 4,500 ವರ್ಷಕ್ಕೂ ಹಳೆಯದು, ಪ್ರವೇಶಕ್ಕೆ ದುಡ್ಡಿಲ್ಲ, ರಸ್ತೆಯಿಂದ ನಾಲ್ಕು ಹೆಜ್ಜೆ. ಅಪ್ಪನೂ ನಡೆಯಬಹುದು. ಅಲ್ಲಿಂದ ಎ66 ರಸ್ತೆ ಹತ್ತಿರದಲ್ಲೇ ಸಿಗುತ್ತದೆ, ಪೆನ್ರಿತ್‌ಗೆ ಹೋಗಿ ಎಂ6 ಹೆದ್ದಾರಿ ಹಿಡಿದರೆ ಸೀದಾ ನಿಮ್ಮೂರು.