ಯಕ್ಷಗಾನ ತೆಗೆಯೋಕೆ ಫಿಲ್ಮ್ ತರುತ್ತಿದ್ದೇನೆ, ಏರ್‌ಪೋರ್ಟ್ ಎಕ್ಸ್‌ರೇಗೆ ಏನು ಮಾಡಲಿ?

ಕುಂದಾಪುರದವಳು:
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಸಿಯಾಟಲ್‌ನಿಂದ ಊರಿಗೆ ಬರುತ್ತಿದ್ದೇನೆ. ಮನೆಯವರ ಹರಕೆ ಆಟ ಇದೆ. ರಾತ್ರಿಯಿಡೀ ಕೂತು ಚೌಕಿ (ವೇಷ ಕಟ್ಟುವ ಜಾಗ), ರಂಗಸ್ಥಳ ಎಲ್ಲ ಕಪ್ಪುಬಿಳುಪಿನಲ್ಲಿ ತೆಗೆಯಬೇಕು ಅಂತ ತುಂಬ ಆಸೆ. ಟ್ರೈ-ಎಕ್ಸ್ 400 ಮತ್ತು ಡೆಲ್ಟಾ 3200 ರೋಲ್‌ಗಳನ್ನು ತರುತ್ತೇನೆ. ಸೀಸದ ಚೀಲದಲ್ಲಿಟ್ಟು ಚೆಕ್-ಇನ್ ಸೂಟ್‌ಕೇಸಿಗೆ ಹಾಕಿದರೆ ಸಾಕಲ್ವಾ?

ಕತ್ತಲೆಕೋಣೆ:
ಸೂಟ್‌ಕೇಸಿಗೆ ಮಾತ್ರ ಬೇಡ ಮೇಡಂ, ದಯವಿಟ್ಟು. ಚೆಕ್-ಇನ್ ಲಗೇಜಿನ ಸ್ಕ್ಯಾನರ್ ತುಂಬ ಜೋರು. ಡೆವಲಪ್ ಆಗದ ಫಿಲ್ಮ್ ಯಾವುದೇ ಆಗಲಿ, ಹಾಳಾಗುತ್ತದೆ. ಸೀಸದ ಚೀಲವನ್ನೂ ನೆಚ್ಚಿಕೊಳ್ಳಬೇಡಿ. ಒಳಗೇನಿದೆ ಅಂತ ಕಾಣದಿದ್ದರೆ ಅವರು ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ.

ಕೈಚೀಲದಲ್ಲೇ ತನ್ನಿ. ಆದರೆ ಈಗ ಅಲ್ಲೂ ಎರಡು ಥರದ ಯಂತ್ರ ಇವೆ. ಹಳೇ ಎಕ್ಸ್‌ರೇಯಲ್ಲಿ 400ರ ಫಿಲ್ಮ್ (ಈ ಸಂಖ್ಯೆ ಹೆಚ್ಚಿದಷ್ಟೂ ಫಿಲ್ಮ್ ಬೆಳಕಿಗೂ ಎಕ್ಸ್‌ರೇಗೂ ಸೂಕ್ಷ್ಮ) ಒಂದೆರಡು ಸಲ ಹೋದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹೊಸ ಸಿಟಿ (CT) ಸ್ಕ್ಯಾನರ್ ಹಾಗಲ್ಲ, ಅದರಲ್ಲಿ ಒಂದೇ ಸಲಕ್ಕೆ ಮಂಜು, ಅಂದರೆ ಫಿಲ್ಮ್ ಪೂರ್ತಿ ಬೂದು ಮಸುಕು, ಕೂತುಬಿಡಬಹುದು. ಕೊಡಾಕ್, ಇಲ್‌ಫೋರ್ಡ್ ಎರಡೂ ಅದರಲ್ಲಿ ಹಾಕಬೇಡಿ ಅಂತಲೇ ಹೇಳುತ್ತವೆ. 'ಲ್ಯಾಪ್‌ಟಾಪ್ ಬ್ಯಾಗಲ್ಲೇ ಇರಲಿ' ಅಂದರೆ ಅದು ಸಿಟಿ ಯಂತ್ರವೇ ಅಂದುಕೊಳ್ಳಿ.

ಇಂಥ ನೆಗೆಟಿವ್ ಪ್ರಿಂಟ್ ಮಾಡಲು ನನ್ನ ಹತ್ತಿರ ಬರುತ್ತವೆ. ಚಿತ್ರದ ಹೊರಗೆ, ತೂತುಗಳ ಸಾಲಿನ ಅಂಚು ತಿಳಿಯಾಗಿರಬೇಕು. ಅಲ್ಲೂ ಬೂದು ಹಬ್ಬಿರುತ್ತದೆ. ನಿಮ್ಮ ವಿಷಯದಲ್ಲಿ ಏಟು ಬೀಳುವುದು ನೆರಳಿಗೆ. ವೇಷದ ಹಿಂದಿನ ಕತ್ತಲು ಕಪ್ಪಾಗಿ ಬರಲ್ಲ, ಕೊಳೆ ನೀರಿನ ಹಾಗೆ ಬರುತ್ತದೆ. ಕಿರೀಟದ ಹೊಳಪೆಲ್ಲ ಎದ್ದು ಕಾಣೋದೇ ಆ ಕಪ್ಪಿನಿಂದ ಅಲ್ವಾ?

ರೋಲ್‌ಗಳನ್ನು ರಟ್ಟಿನ ಡಬ್ಬಿಯಿಂದ ತೆಗೆದು ಪಾರದರ್ಶಕ ಜಿಪ್ ಕವರಿಗೆ ಹಾಕಿ. 3200 ಅಂತ ಬರೆದಿರೋದು ಮೇಲೆ ಕಾಣಲಿ. ಟ್ರೇಗೆ ಇಡೋ ಮೊದಲೇ 'ಹ್ಯಾಂಡ್ ಚೆಕ್ ಮಾಡಿ' ಅಂತ ಕೇಳಿ. ಅಮೆರಿಕದಲ್ಲಿ ಕೇಳಿದರೆ ಮಾಡುತ್ತಾರೆ, ಬಟ್ಟೆ ತುಂಡಿನಲ್ಲಿ ಒರೆಸಿ ಪರೀಕ್ಷೆ ಮಾಡಿ ವಾಪಸ್ ಕೊಡುತ್ತಾರೆ. ನಮ್ಮಲ್ಲಿ ಚೆಕಿಂಗ್ ಮಾಡೋದು ಸಿಐಎಸ್‌ಎಫ್ ಭದ್ರತಾ ಪಡೆಯವರು, ಅಲ್ಲಿರುವ ಅಧಿಕಾರಿ ಒಪ್ಪಬೇಕು. ಬೇಗ ಹೋಗಿ, ನಗುತ್ತಾ ಕೇಳಿ, ವಾದಕ್ಕಿಳಿಯಬೇಡಿ. ಮಧ್ಯೆ ವಿಮಾನ ಬದಲಿಸುವ ಕಡೆ ಚೆಕಿಂಗ್ ಇದ್ದರೆ ಅಲ್ಲೂ ಕೇಳಲೇಬೇಕು.

ಕುಂದಾಪುರದವಳು:
ಅಯ್ಯೋ, ಕೇಳಿದ್ದು ಒಳ್ಳೆಯದಾಯ್ತು! ಟ್ರೈ-ಎಕ್ಸನ್ನು 1600ಕ್ಕೆ ಪುಶ್ ಮಾಡುವವಳಿದ್ದೇನೆ, ಅಂದರೆ 1600ರ ಫಿಲ್ಮ್ ಅಂತಲೇ ತೆಗೆದು ಜಾಸ್ತಿ ಹೊತ್ತು ಡೆವಲಪ್ ಮಾಡಿಸುತ್ತೇನೆ. ಅದನ್ನು 400 ಅಂತ ಲೆಕ್ಕ ಹಾಕಬಹುದಾ?

ಕತ್ತಲೆಕೋಣೆ:
ಬೇಡ, 1600 ಅಂತಲೇ ಹಿಡಿಯಿರಿ. ಜಾಸ್ತಿ ಹೊತ್ತು ಡೆವಲಪ್ ಮಾಡುವಾಗ ಕೂತ ಮಂಜೂ ಜೊತೆಗೆ ಏಳುತ್ತದೆ. ಎಕ್ಸ್‌ರೇ ಏಟು ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. ಬೆಂಗಳೂರಲ್ಲಿ ಸುಮ್ನೆ ಫಿಲ್ಮ್ ಹೊತ್ತುಕೊಂಡು ಮೆಟ್ರೋ ಹತ್ತಬೇಡಿ, ಅಲ್ಲೂ ಬ್ಯಾಗ್ ಸ್ಕ್ಯಾನರ್ ಇದೆ.

ಪೆಟ್ಟಿಗೆ ಕ್ಯಾಮೆರಾ:
ಒಂದು ಮಾತು ಸೇರಿಸ್ತೀನಿ. ಕ್ಯಾಮೆರಾದೊಳಗೆ ಅರ್ಧ ರೋಲ್ ಬಿಟ್ಟು ಏರ್‌ಪೋರ್ಟಿಗೆ ಹೋಗಬೇಡಿ. ತೆರೆದು ತೋರಿಸಿ ಅಂದರೆ ಕಷ್ಟ. ಮನೆಯವರಿಗೆ ಕೊಡೋಕೆ ಇನ್‌ಸ್ಟಾಕ್ಸ್ (ತಕ್ಷಣ ಫೋಟೋ ಬರುವ ಫಿಲ್ಮ್) ತರುತ್ತಿದ್ದರೆ ಅದನ್ನೂ ಅದೇ ಕವರಿಗೆ ಹಾಕಿ. ಅದೂ 800ರ ಫಿಲ್ಮೇ.

ಕುಂದಾಪುರದವಳು:
ಇಬ್ಬರಿಗೂ ಧನ್ಯವಾದ. ವಾಪಸ್ ಹೋಗುವಾಗ ಮತ್ತೆ ಇದೇ ಪಾಡಲ್ವಾ?

ಕತ್ತಲೆಕೋಣೆ:
ಇಲ್ಲೇ ಡೆವಲಪ್ ಮಾಡಿಸಿಬಿಡಿ. ಡೆವಲಪ್ ಆದ ನೆಗೆಟಿವ್‌ಗೆ ಯಾವ ಯಂತ್ರದಿಂದಲೂ ಏನೂ ಆಗಲ್ಲ. ಬೆಂಗಳೂರಿನಲ್ಲಿ ಕಪ್ಪುಬಿಳುಪು ಮಾಡಿಕೊಡುವ ಲ್ಯಾಬ್‌ಗಳಿವೆ. ಹೊರಡುವ ದಿನಕ್ಕೆ ಒಂದು ವಾರ ಇರುವಾಗಲೇ ಕೊಡಿ, ಯಾವ ರೋಲ್ 1600 ಅಂತ ಡಬ್ಬಿ ಮೇಲೆ ಮಾರ್ಕರ್‌ನಲ್ಲಿ ಬರೆದಿರಿ.