'ವೀಕುಸ್' ಎಂಬುದನ್ನು 'ದಂಡಿನಪೇಟೆ' ಎನ್ನಬಹುದೇ?

ರೋಮನ್ ಗಡಿಕೋಟೆಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿರುವ ನನಗೆ 'ವೀಕುಸ್' ಎಂಬ ಲ್ಯಾಟಿನ್ ಪದ ತೊಡಕಾಗಿದೆ. ಹೆಚ್ಚಾಗಿ ರೋಮನ್ ಪೌರರಲ್ಲದವರಿದ್ದ ಸಹಾಯಕ ಪಡೆಗಳ ಕೋಟೆಯ ಮಗ್ಗುಲಲ್ಲೇ ಅಂಗಡಿ, ಕುಲುಮೆ, ಗುಡಿ, ಮನೆಗಳು ಸೇರಿ ಬೆಳೆದ ಊರಿಗೆ ಈ ಹೆಸರು. ಪೌರರಿಂದ ಕೂಡಿದ ಮುಖ್ಯ ಸೇನಾದಳಗಳಾದ ಲೀಜನ್ನುಗಳ ದೊಡ್ಡ ನೆಲೆಗಳ ಸುತ್ತಲಿನದನ್ನು 'ಕನಾಬೆ' ಎನ್ನುತ್ತಿದ್ದರು. ಅದರ ಮೂಲಾರ್ಥ ಜೋಪಡಿ.

ಮೊದಲು 'ಪಾಳೆಯದ ಹಿಂಬಾಲಕರ ವಸತಿ' ಎಂದು ಬರೆದು ಹೊಡೆದುಹಾಕಿದೆ. ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಬಳಿಯ ವಿಂಡೊಲಾಂಡದಲ್ಲಿ ಇಂಥ ಊರಿನ ಜನ ವಲ್ಕನ್ ದೇವರಿಗೆ ಬಲಿಪೀಠ ಮಾಡಿಸಿ, ಅದರ ಮೇಲೆ ತಮ್ಮನ್ನು 'ವೀಕಾನಿ', ಎಂದರೆ ವೀಕುಸಿನವರು, ಎಂದೇ ಕೊರೆಸಿಕೊಂಡಿದ್ದಾರೆ. ಊರೊಟ್ಟಿನಿಂದ ದೇವರ ಕೆಲಸ ಮಾಡಿಸಿದವರನ್ನು ಹಿಂಬಾಲಕರೆನ್ನುವುದು ಹೇಗೆ?

'ಸಂಸಾರಗೇರಿ' ಎಂದೂ ಯೋಚಿಸಿದ್ದುಂಟು. ಆದರೆ ವಿಂಡೊಲಾಂಡದ ಕೋಟೆಯ ಒಳಗೇ ಹೆಂಗಸರ, ಮಕ್ಕಳ ತೊಗಲಿನ ಪಾದರಕ್ಷೆಗಳು ಸಿಕ್ಕಿವೆ, ಕ್ರಿ.ಶ. 100ರ ಸುಮಾರಿನಲ್ಲಿ ದಳಪತಿ ಕೆರಿಯಾಲಿಸನ ಹೆಂಡತಿ ಲೆಪಿಡಿನಾಳನ್ನು ಗೆಳತಿ ಸೆವೆರಾ ತನ್ನ ಹುಟ್ಟುಹಬ್ಬಕ್ಕೆ ಕರೆದು ಬರೆದ ತೆಳುಹಲಗೆಯ ಓಲೆಯೂ ದೊರೆತಿದೆ. ಸಂಸಾರಗಳೆಲ್ಲ ಗೋಡೆಯಾಚೆಗೇ ಇದ್ದವೆಂಬ ಭಾವ ಬರಕೂಡದು.

ಇದರೊಡನೆ ಇನ್ನೊಂದು ಪದದ ಪ್ರಶ್ನೆ ಹೆಣೆದುಕೊಂಡಿದೆ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸನು ಕ್ರಿ.ಶ. 197ರ ಸುಮಾರಿಗೆ ನಿಯಮವನ್ನು ಸಡಿಲಿಸುವವರೆಗೆ ಸೇವೆಯಲ್ಲಿರುವ ಸಿಪಾಯಿಯ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲವಾದ್ದರಿಂದ, ಕೆಲವರು ಅವನ ಸಂಗಾತಿಯನ್ನು 'ಇಟ್ಟುಕೊಂಡವಳು' ಎನ್ನಲು ಸೂಚಿಸಿದ್ದಾರೆ. ನಾನು ಒಪ್ಪಲಾರೆ. 25 ವರ್ಷ ದುಡಿದ ಸಹಾಯಕ ಪಡೆಯವನಿಗೆ ಪೌರತ್ವದ ಜೊತೆಗೆ ಸಕ್ರಮ ವಿವಾಹದ ಹಕ್ಕನ್ನೂ ಕೊಡುತ್ತಿದ್ದ ಕಂಚಿನ ಫಲಕದಲ್ಲಿ, ಆಗ ಅವನ ಜೊತೆಗಿದ್ದವಳಿಗೆ ಬಳಸಿರುವ ಪದ 'ಉಕ್ಸೊರ್', ಅಂದರೆ ಹೆಂಡತಿ. ಸರ್ಕಾರವೇ ಹಾಗೆಂದ ಮೇಲೆ ನಮಗೇಕೆ ಬಿಗುಮಾನ?

'ಪೇಟೆ' ಎಂಬುದು ಹತ್ತಿರ ಬರುತ್ತದೆ, ಕೋಟೆ ಮತ್ತು ಪೇಟೆ ನಮ್ಮಲ್ಲಿ ಹಳೆಯ ಜೋಡಿ. ಆದರೆ ಬರಿಯ ಪೇಟೆ ಎಂದರೆ ವ್ಯಾಪಾರವೊಂದೇ ಕಣ್ಣಿಗೆ ಬೀಳುತ್ತದೆ. ಹಾಗಾಗಿ 'ದಂಡಿನಪೇಟೆ' ಎಂದು ಬರೆಯತೊಡಗಿದ್ದೇನೆ. ಇದು ಓದುಗರಿಗೆ ದಂಡಿನ ದೆಸೆಯಿಂದ ಬೆಳೆದ ಊರು ಎಂಬ ಅರ್ಥ ಕೊಡುತ್ತದೆಯೋ, ದಂಡೇ ಬೀಡುಬಿಟ್ಟ ಪೇಟೆ ಎನಿಸುತ್ತದೆಯೋ? 'ಕನಾಬೆ'ಗೆ 'ಬಿಡಾರ' ಒಗ್ಗೀತೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.