ಹಡಗು, ಹೆಂಡ ಮತ್ತು ದೊಡ್ಡಮ್ಮನ ಎಪ್ಪತ್ತು

ಗುಂಪು: ಸಾಗರದ ಮನೆ ಬಳಗ
ಶನಿವಾರ ಬೆಳಿಗ್ಗೆ

ಸುಧಿ (ಬೆಂಗಳೂರು): ಎಲ್ಲರಿಗೂ ನಮಸ್ಕಾರ. ದೊಡ್ಡಮ್ಮಂಗೆ ಎಪ್ಪತ್ತು ತುಂಬೋದಕ್ಕೆ ಹಾಲ್ ಬುಕ್ ಮಾಡೋದು ಬಿಟ್ಟು ಬೇರೆ ಏನಾದ್ರೂ ಮಾಡೋಣ ಅಂತ ಮಾತಾಗಿತ್ತಲ್ಲ. ಈ ಬ್ರೋಶರ್ ನೋಡಿ. ಮುಂಬೈ–ಗೋವಾ–ಮುಂಬೈ ಹಡಗು. ಶುಕ್ರವಾರ ಸಂಜೆ ಹತ್ತಿದ್ರೆ ಭಾನುವಾರ ಇಳಿಯೋದು. ರೂಮು, ಊಟ, ಶೋ ಎಲ್ಲ ಟಿಕೆಟ್‌ನಲ್ಲೇ ಸೇರಿದೆ. ಡಿಸೆಂಬರ್ ಕೊನೇ ವಾರ ಎಲ್ಲರಿಗೂ ರಜ ಇರುತ್ತೆ.

ವಿನಯ್ (ಹುಬ್ಬಳ್ಳಿ): ಭಾಳ ಚಲೋ ಐತಿ ಸುಧಿ. ನಾವು ರೆಡಿ. ಊಟ ಎಷ್ಟ ಸಲ ಹಾಕ್ತಾರ ಕೇಳು.

ಪದ್ಮತ್ತೆ (ಮಂಗಳೂರು): [ವಿಡಿಯೊ, ಹಲವು ಬಾರಿ ಫಾರ್ವರ್ಡ್ ಆಗಿದೆ]

ಪದ್ಮತ್ತೆ: ಸುಧಿ, ಮೊದಲು ಇದನ್ನ ಪೂರ್ತಿ ನೋಡು. ಅಗ್ಗದ ಹಡಗು ಅಂದ್ರೆ ಇದೇ. ಗಂಡಸರು ಹೆಂಗಸರು ಅಂತಿಲ್ಲ, ಜುಟ್ಟು ಹಿಡ್ಕೊಂಡು ಬಡಿದಾಡ್ತಿದ್ದಾರೆ. ಅತ್ತಿಗೆನ ಈ ವಯಸ್ಸಲ್ಲಿ ಇಂಥ ಕಡೆ ಕರ್ಕೊಂಡು ಹೋಗ್ತೀಯಾ?

ಸುಧಿ: ಅತ್ತೆ, ಅದು ಅಮೆರಿಕದ್ದು.

ಪದ್ಮತ್ತೆ: ಎಲ್ಲಿದಾದ್ರೇನು? ಎರಡು ಮೂರು ರಾತ್ರಿಯ ಹಡಗಿಗೆ ಹೋಗೋರು ಕುಡಿಯೋಕೇ ಹೋಗೋದು. ಸಮುದ್ರ ನೋಡ್ಬೇಕು ಅನ್ನೋರು ಹದಿನೈದು ದಿನದ್ದಕ್ಕೆ ಹೋಗ್ತಾರೆ. ನಮ್ಮ ಶಾಲೆಯ ನಿವೃತ್ತ ಟೀಚರುಗಳೆಲ್ಲ ಹೋಗಿದ್ದು ಅಂಥದ್ದಕ್ಕೇ.

ರಮೇಶ್ ಮಾವ (ಮಂಗಳೂರು): ಪದ್ಮಾ, ನೀನು ಹಾಕಿರೋ ವಿಡಿಯೊ 2022ರ ಜೂನ್‌ನದು. ಕಾರ್ನಿವಲ್ ಮ್ಯಾಜಿಕ್ ಅನ್ನೋ ಹಡಗು. ನ್ಯೂಯಾರ್ಕ್‌ಗೆ ವಾಪಸ್ ಬರುವಾಗ ರಾತ್ರಿ ನೈಟ್‌ಕ್ಲಬ್‌ನಲ್ಲಿ ಹೊಡೆದಾಟ ಆಗಿ ಕೋಸ್ಟ್ ಗಾರ್ಡ್‌ನವರು ಜೊತೆಗೆ ಬರಬೇಕಾಯ್ತು. ಅದು ಎಂಟು ದಿನದ ಪ್ರವಾಸ, ಎರಡು ರಾತ್ರಿದಲ್ಲ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಇನ್ನೊಂದು ಭಾರೀ ಗಲಾಟೆ ಆಗಿತ್ತು, ಒಂದಿಷ್ಟು ಜನರನ್ನ ಈಡನ್ ಅನ್ನೋ ಸಣ್ಣ ಬಂದರಲ್ಲಿ ಪೊಲೀಸರು ಇಳಿಸಿಕೊಂಡು ಹೋದ್ರು. ಆ ಪ್ರವಾಸ ಹತ್ತು ದಿನದ್ದು.

ಪದ್ಮತ್ತೆ: ಪಕ್ಕದ ರೂಮಲ್ಲಿ ಕೂತು ಗ್ರೂಪ್‌ನಲ್ಲಿ ನನ್ನನ್ನ ತಿದ್ದೋದು ಬೇಕಿರ್ಲಿಲ್ಲ ರೀ. ಇಡೀ ಜೀವನ ಟ್ಯಾಂಕರ್‌ನ ಇಂಜಿನ್ ರೂಮಲ್ಲಿ ಇದ್ದವರಿಗೆ ಮೇಲಿನ ಡೆಕ್‌ನ ಡಾನ್ಸು ಹೇಗೆ ಗೊತ್ತಾಗುತ್ತೆ?

ವಿನಯ್: 😂😂 ಅತ್ತಿ, ಸಿಕ್ಸರ್!

ಚೈತ್ರಾ (ಟ್ಯಾಂಪಾ): ಇಲ್ಲಿ ಮಧ್ಯರಾತ್ರಿ, ಆದ್ರೂ ನಿಮ್ಮ ಜಗಳ ಬಿಟ್ಟು ಮಲಗೋಕೆ ಆಗ್ತಿಲ್ಲ. ಅತ್ತೆ ಹೇಳೋದು ಪೂರಾ ಸುಳ್ಳಲ್ಲ. ನಾವು ಒಮ್ಮೆ ಮಾರ್ಚ್ ತಿಂಗಳ ವಾರಾಂತ್ಯದಲ್ಲಿ ಬಹಾಮಾಸ್‌ಗೆ ಹೋಗಿದ್ವಿ, ಯಾವ ಕಂಪನಿ ಅಂತ ಕೇಳ್ಬೇಡಿ. ಅದು ಸ್ಪ್ರಿಂಗ್ ಬ್ರೇಕ್, ಅಂದ್ರೆ ಇಲ್ಲಿಯ ಕಾಲೇಜು ಹುಡುಗರ ರಜ, ಅಂತ ನಮಗೆ ಹೊಳೀಲೇ ಇಲ್ಲ. ಲೈಫ್‌ಬೋಟ್ ಡ್ರಿಲ್ ಟೈಮಲ್ಲೇ ಒಬ್ಬ ಪ್ಲಾಸ್ಟಿಕ್ ಗ್ಲಾಸ್ ತಲೆ ಮೇಲೆ ಇಟ್ಕೊಂಡು ಕುಣೀತಿದ್ದ. ರಾತ್ರಿ ಎರಡು ಗಂಟೆಗೆ ಯಾರೋ ನಮ್ಮ ಬಾಗಿಲು ಬಡಿದು "ಬ್ರ್ಯಾಂಡನ್, ಓಪನ್ ದ ಡೋರ್" ಅಂತ ಅಳ್ತಿದ್ದ. ನಮ್ಮನೆಯವರು ಒಳಗಿಂದಾನೇ "ರಾಂಗ್ ರೂಮ್" ಅಂದ್ರೆ "ಸಾರಿ ಬ್ರ್ಯಾಂಡನ್" ಅಂತ ಹೇಳಿ ಬಾಗಿಲ ಮುಂದೇನೇ ಮಲಗಿಬಿಟ್ಟ.

ಪದ್ಮತ್ತೆ: ನೋಡಿದ್ಯಾ ಸುಧಿ.

ಚೈತ್ರಾ: ಇರಿ ಅತ್ತೆ, ಮುಗಿದಿಲ್ಲ. ಇನ್ನೊಂದು ಸಲ ಸೆಪ್ಟೆಂಬರ್‌ನಲ್ಲಿ ಸೋಮವಾರ ಹೊರಡೋ ನಾಲ್ಕು ರಾತ್ರಿಯದ್ದಕ್ಕೆ ಹೋದ್ವಿ. ಶಾಲೆಗಳು ಶುರುವಾಗಿರುತ್ತೆ, ಚಂಡಮಾರುತದ ಕಾಲ ಬೇರೆ, ಹಾಗಾಗಿ ಟಿಕೆಟ್ ಇನ್ನೂ ಅಗ್ಗ. ನಿಮ್ಮ ಲೆಕ್ಕದಲ್ಲಿ ಅಲ್ಲಿ ಇನ್ನೂ ದೊಡ್ಡ ರೌಡಿಗಳಿರ್ಬೇಕಿತ್ತು. ಇದ್ದದ್ದು ವಾಕರ್ ಹಿಡ್ಕೊಂಡ ಅಜ್ಜಿಯರು. ರಾತ್ರಿ ಹತ್ತಕ್ಕೆ ಬಾರ್ ಖಾಲಿ, ಬಿಂಗೊ ಹಾಲ್‌ನಲ್ಲಿ ಮಾತ್ರ ಜಾಗ ಇಲ್ಲ.

ಸುಧಿ: ಹಾಗಾದ್ರೆ ದಿನ ಎಷ್ಟು ಅನ್ನೋದಲ್ಲ, ಯಾವ ದಿನ ಅನ್ನೋದು ಮುಖ್ಯ.

ಪದ್ಮತ್ತೆ: ಅಗ್ಗ ಅನ್ನೋದೂ ಮುಖ್ಯ. ದುಡ್ಡು ಕಮ್ಮಿ ಮಾಡಿದ್ರೆ ಯಾರು ಬೇಕಾದ್ರೂ ಬರ್ತಾರೆ.

ವಿನಯ್: ಅತ್ತಿ, ದುಡ್ಡಿದ್ದವರು ಕುಡಿಯೂದಿಲ್ಲೇನ್ರಿ? ನಮ್ಮ ಮದವಿ ರಿಸೆಪ್ಶನ್‌ದಾಗ ಯಾರ್ಯಾರು ಪಾರ್ಕಿಂಗ್‌ನ್ಯಾಗ ನಿಂತಿದ್ರು, ಹೆಸರು ಹೇಳ್ಲ್ಯಾ?

ಪದ್ಮತ್ತೆ ಒಂದು ಸಂದೇಶ ಅಳಿಸಿದ್ದಾರೆ.

ರಮೇಶ್ ಮಾವ: ಸ್ವಲ್ಪ ಉದ್ದ ಬರೀತೀನಿ, ಎಲ್ಲರೂ ಓದಿ.

ಸಣ್ಣ ಪ್ರವಾಸದ ಹಡಗು ಅಂದ್ರೆ ಕುಡಿತ, ಗಲಾಟೆ ಅನ್ನೋ ಹೆಸರು ಸುಮ್ನೆ ಬಂದದ್ದಲ್ಲ. ಅದರಲ್ಲಿ ಅರ್ಧ, ಕಂಪನಿಗಳೇ ಕೊಂಡುಕೊಂಡದ್ದು. 1972ರಲ್ಲಿ ಕಾರ್ನಿವಲ್ ಕಂಪನಿ ಒಂದು ಹಳೇ ಹಡಗು ತಂದು ಮಾರ್ಡಿ ಗ್ರಾ ಅಂತ ಹೆಸರಿಟ್ಟು ಮಯಾಮಿಯಿಂದ ಬಿಡ್ತು. ಮೊದಲ ಪ್ರವಾಸದಲ್ಲೇ ಬಂದರಿನ ಬಾಯಲ್ಲಿ ಮರಳಿಗೆ ಸಿಕ್ಕಿ ನಿಂತ್ಕೊಂಡ್ತು. ಹಡಗು ಹಳೇದು, ಕೈಯಲ್ಲಿ ಕಾಸಿಲ್ಲ, ದೊಡ್ಡ ಕಂಪನಿಗಳ ಹಾಗೆ ಗತ್ತು ತೋರ್ಸೋಕೆ ಆಗಲ್ಲ. ಆಗ ಅವರು ಹಿಡಿದ ದಾರಿ, ಹಡಗೇ ಮೋಜಿನ ಜಾಗ ಅಂತ ಮಾರೋದು. "ಫನ್ ಶಿಪ್" ಅಂತಾನೇ ಜಾಹೀರಾತು. ಕುಣಿಯೋಕೆ ಬನ್ನಿ ಅಂತ ವರ್ಷಗಟ್ಟಲೆ ಕರೆದ ಮೇಲೆ ಕುಣಿಯೋರು ಬಂದ್ರೆ ಆಶ್ಚರ್ಯ ಏನು?

ಇನ್ನರ್ಧ ಲೆಕ್ಕದ ಮಾತು. ಟಿಕೆಟ್ ಅಗ್ಗ ಇರೋದು ಧರ್ಮಕ್ಕಲ್ಲ. ಕಾರ್ನಿವಲ್ ಕಾರ್ಪೊರೇಶನ್ 2023ರಲ್ಲಿ ಗಳಿಸಿದ ಸುಮಾರು 2,160 ಕೋಟಿ ಡಾಲರ್‌ನಲ್ಲಿ 750 ಕೋಟಿಯಷ್ಟು ಟಿಕೆಟ್‌ನಿಂದ ಬಂದದ್ದಲ್ಲ, ಹಡಗಿನ ಮೇಲಿನ ಖರ್ಚು ಮತ್ತಿತರ ಬಾಬಿನಿಂದ. ಬಾರು, ಕ್ಯಾಸಿನೊ, ಅಂಗಡಿ, ಫೋಟೊ, ದಡದ ಪ್ರವಾಸ ಎಲ್ಲ ಅದರಲ್ಲೇ. ಅಂದ್ರೆ ಮೂರನೇ ಒಂದು ಪಾಲು. ಏಳು ದಿನದ ಹಡಗಲ್ಲಿ ಆ ದುಡ್ಡು ನಿಧಾನಕ್ಕೆ ಎತ್ತಬಹುದು. ಎರಡು ರಾತ್ರಿ ಮಾತ್ರ ಇದ್ರೆ ಹತ್ತಿದ ಗಳಿಗೆಯಿಂದ ಟ್ರೇ ಹಿಡ್ಕೊಂಡು ಹಿಂದೆ ಬೀಳ್ತಾರೆ. ಜನಕ್ಕೂ ಅಷ್ಟೇ, ಇರೋದೇ ಎರಡು ರಾತ್ರಿ, ಮಲಗಿ ಹಾಳು ಮಾಡೋದ್ಯಾಕೆ ಅನ್ಸುತ್ತೆ. ಉದ್ದದ ಪ್ರವಾಸದಲ್ಲಿ ಮೂರನೇ ದಿನಕ್ಕೆ ಎಲ್ಲರೂ ಸುಸ್ತಾಗಿ ಪುಸ್ತಕ ಹಿಡೀತಾರೆ.

ವಿನಯ್: ಮಾವ, ಇದನ್ನ ಲೇಖನ ಮಾಡಿ ಪೇಪರ್‌ಗೆ ಕಳಸ್ರಿ.

ಸುಧಿ: ಆದ್ರೆ ಮಾವ, ಡಿಸ್ನಿಯವರ ಹಡಗೂ ಮೂರು–ನಾಲ್ಕು ರಾತ್ರಿದೇ ಅಲ್ವಾ? ಅಲ್ಲಿ ಗಲಾಟೆ ಅಂತ ಯಾರೂ ಹೇಳಲ್ಲ.

ರಮೇಶ್ ಮಾವ: ಒಳ್ಳೇ ಪಾಯಿಂಟ್. ಡಿಸ್ನಿ ವಿಶ್ 2022ರಿಂದ ಫ್ಲೋರಿಡಾದ ಪೋರ್ಟ್ ಕೆನಾವೆರಲ್‌ನಿಂದ ಮೂರು–ನಾಲ್ಕು ರಾತ್ರಿಯ ಬಹಾಮಾಸ್ ಟ್ರಿಪ್ಪೇ ಮಾಡ್ಕೊಂಡು ಬಂದದ್ದು. ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೊನೇ ಇಲ್ಲ. ಅದೇ ನೀರು, ಅದೇ ದ್ವೀಪಗಳು, ಅಷ್ಟೇ ರಾತ್ರಿ. ಜನ ಮಾತ್ರ ಬೇರೆ.

ಪದ್ಮತ್ತೆ: ಯಾಕಂದ್ರೆ ಅದು ಅಗ್ಗ ಅಲ್ಲ! ನಾನು ಹೇಳಿದ್ದನ್ನೇ ಸುತ್ತಿ ಬಳಸಿ ಹೇಳ್ತಿದ್ದೀರಿ.

ಚೈತ್ರಾ: ಅತ್ತೆಗೆ ಒಂದು ಪಾಯಿಂಟ್ 😄 ಡಿಸ್ನಿಗೆ ಕೊಡೋ ದುಡ್ಡಲ್ಲಿ ಇಲ್ಲಿ ಇಬ್ಬರು ಇಂಡಿಯಾಗೆ ಬಂದು ಹೋಗಬಹುದು. ಆದ್ರೆ ಒಂದು ಮಾತು. ನಮ್ಮ ಸೆಪ್ಟೆಂಬರ್ ಅಜ್ಜಿಯರ ಹಡಗು ಮಾರ್ಚ್‌ನದಕ್ಕಿಂತ ಅಗ್ಗ ಇತ್ತು. ಅದಕ್ಕೆ ಏನಂತೀರಿ?

ಪದ್ಮತ್ತೆ: 🙄

ರಮೇಶ್ ಮಾವ: ಉಳ್ಳಾಲದ ನನ್ನ ಗೆಳೆಯ ಮಯಾಮಿ ಕಡೆಯ ಹಡಗಲ್ಲಿ ಕ್ಯಾಬಿನ್ ಸ್ಟೂವರ್ಡ್ ಆಗಿದ್ದ. ಅವನು ಹೇಳೋದೂ ಇದನ್ನೇ. ವಾರಾಂತ್ಯದ ಮೂರು ರಾತ್ರಿ ಅಂದ್ರೆ ಕಾರಿಡಾರ್ ಕಾರ್ಪೆಟ್ ತೊಳೆಯೋ ಮೆಷಿನ್ ಹೊರಗೇ ಇರುತ್ತಂತೆ. ಅದೇ ಹಡಗು ಸೋಮವಾರ ಹೊರಟ್ರೆ ಮೆಷಿನ್ ಕಪಾಟು ಸೇರುತ್ತಂತೆ. ನಂದಿ ಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಹೋದವನೂ ಬುಧವಾರ ಹೋದವನೂ ಒಂದೇ ಬೆಟ್ಟದ ಬಗ್ಗೆ ಹೇಳ್ತಾರಾ? ಅಷ್ಟೇ ಇದು.

ಇನ್ನೊಂದು. ಅಲ್ಲಿಯ ಕಂಪನಿಗಳೂ ಕೈಕಟ್ಟಿ ಕೂತಿಲ್ಲ. ಕಾರ್ನಿವಲ್‌ನಲ್ಲಿ ಇಪ್ಪತ್ತೊಂದರ ಒಳಗಿನವರು ಇಪ್ಪತ್ತೈದು ದಾಟಿದ ಸಂಬಂಧಿಕರೋ ಪೋಷಕರೋ ಜೊತೆಗಿಲ್ಲದೆ ಹತ್ತೋ ಹಾಗಿಲ್ಲ. ಹದಿನೇಳರವರೆಗಿನ ಮಕ್ಕಳು ದೊಡ್ಡವರಿಲ್ಲದೆ ರಾತ್ರಿ ಒಂದರ ಮೇಲೆ ಹೊರಗೆ ಸುತ್ತೋ ಹಾಗಿಲ್ಲ.

ಪದ್ಮತ್ತೆ: ಒಂದು ಗಂಟೆ ತನಕ ಸುತ್ತಬಹುದಾ?!

ವಿನಯ್: ನಮ್ಮ ಮನ್ಯಾಗ ಒಂಬತ್ತಕ್ಕ ಗೇಟ್ ಹಾಕ್ತಾರ ಮಾವ, ನನಗೂ ಸೇರಿ.

ಸುಧಿ: ಮಾವ, ಅಮೆರಿಕ ಸಾಕು. ಮುಂಬೈ ಹಡಗಿನ ಕಥೆ ಹೇಳಿ.

ಪದ್ಮತ್ತೆ: ಅದನ್ನ ನಾನು ಹೇಳ್ತೀನಿ. ಶಾರುಖ್ ಖಾನ್ ಮಗನ್ನ ಹಿಡಿದದ್ದು ಇದೇ ಮುಂಬೈ ಹಡಗಲ್ವಾ? ತಿಂಗಳುಗಟ್ಟಲೆ ಟಿವಿಯಲ್ಲಿ ಅದೇ ಇತ್ತು.

ರಮೇಶ್ ಮಾವ: 2021ರ ಅಕ್ಟೋಬರ್ 2. ದಾಳಿ ಆದದ್ದು ಹಡಗು ಬಂದರು ಬಿಡೋ ಮೊದಲು. ಆಮೇಲಿಂದನ್ನೂ ಹೇಳು. 2022ರ ಮೇನಲ್ಲಿ ದಾಳಿ ಮಾಡಿದ್ದ ಎನ್‌ಸಿಬಿಯವರೇ, ಅಂದ್ರೆ ಡ್ರಗ್ಸ್ ಹಿಡಿಯೋ ಕೇಂದ್ರದ ಇಲಾಖೆಯವರೇ, ಆ ಹುಡುಗನ ಮೇಲೆ ಸಾಕ್ಷ್ಯ ಇಲ್ಲ ಅಂತ ಕ್ಲೀನ್ ಚಿಟ್ ಕೊಟ್ರು. ಟಿವಿಯಲ್ಲಿ ಮೊದಲನೇದು ತಿಂಗಳು ಓಡ್ತು, ಎರಡನೇದು ಒಂದು ಸಂಜೆ. ಅಂಥ ಪಾರ್ಟಿ ಮಾಡೋರು ಹಡಗಿಗೆ ಬರಲ್ಲ ಅಂತ ನಾನು ಹೇಳ್ತಿಲ್ಲ. ವಾರಾಂತ್ಯ ನೋಡ್ಕೊಂಡೇ ಬರ್ತಾರೆ ಅಂತ ಹೇಳ್ತಿದ್ದೀನಿ.

ರಮೇಶ್ ಮಾವ: ಸುಧಿ ಹಾಕಿರೋ ಫೋಟೊದ ಹಡಗು ಎಂಪ್ರೆಸ್. ನನಗೆ ಅದರ ಜಾತಕ ಗೊತ್ತು. ಫ್ರಾನ್ಸ್‌ನ ಸ್ಯಾಂ ನಜೇರ್‌ನಲ್ಲಿ ಕಟ್ಟಿ 1990ರಲ್ಲಿ ಕೆಲಸ ಶುರು ಮಾಡ್ತು, ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಮಯಾಮಿಯಿಂದ ಬಹಾಮಾಸ್‌ಗೆ ಮೂರು–ನಾಲ್ಕು ರಾತ್ರಿ ಹೋಗಿ ಬರೋಕೆ ಅಂತಾನೇ ರಾಯಲ್ ಕೆರಿಬಿಯನ್‌ನವರು ಇಳಿಸಿದ್ದು. ಬೇರೆಯವರು ಸಣ್ಣ ಪ್ರವಾಸಕ್ಕೆ ಸವೆದ ಹಡಗು ತಳ್ತಿದ್ದ ಕಾಲದಲ್ಲಿ ಇದು ಹೊಸದಾಗೇ ಬಂತು. ಆಮೇಲೆ ಸ್ಪೇನ್‌ನ ಕಂಪನಿ ಕೈಲಿತ್ತು, ಕ್ಯೂಬಾಕ್ಕೂ ಹೋಗ್ತಿತ್ತು. 2020ರ ಕೊನೆಗೆ ಮಾರಿದ್ರು. 2021ರ ಸೆಪ್ಟೆಂಬರ್‌ನಿಂದ ಕೊರ್ಡೆಲಿಯಾ ಅನ್ನೋ ಕಂಪನಿ ಹೆಸರಲ್ಲಿ ಮುಂಬೈಯಿಂದ ಓಡ್ತಿದೆ.

ಪದ್ಮತ್ತೆ: ಅಂದ್ರೆ ಹುಟ್ಟಿದ್ದೇ ಆ ಕೆಲಸಕ್ಕೆ. ನೀವೇ ನನ್ನ ಕಡೆ ಸಾಕ್ಷಿ ಹೇಳಿದ ಹಾಗಾಯ್ತು.

ವಿನಯ್: ಮಾವ, ಸೆಲ್ಫ್ ಗೋಲ್ ಆತ್ರಿ.

ರಮೇಶ್ ಮಾವ: ಹುಟ್ಟಿದ್ದು ಸಣ್ಣ ಪ್ರವಾಸಕ್ಕೆ. ಗಲಾಟೆಗಲ್ಲ. ಗಲಾಟೆಗೇ ಹುಟ್ಟಿದ್ದು ನೋಡ್ಬೇಕಂದ್ರೆ ಹೆಲ್ಸಿಂಕಿ–ಸ್ಟಾಕ್‌ಹೋಮ್ ರಾತ್ರಿ ಹಡಗಿಗೆ ಹೋಗು. ನಡುರಾತ್ರಿ ದಾಟಿದ ಮೇಲೆ ಓಲಂಡ್ ದ್ವೀಪದ ಮಾರಿಯೆಹಾಮ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೆ. ಆ ದ್ವೀಪ ಯುರೋಪಿನ ವ್ಯಾಟ್ ವ್ಯಾಪ್ತಿಯಿಂದ ಹೊರಗೆ, ಅಲ್ಲಿ ನಿಂತು ಹೋದ್ರೆ ಹಡಗಲ್ಲಿ ತೆರಿಗೆ ಇಲ್ಲದೆ ಬಾಟಲಿ ಮಾರಬಹುದು. ಇಳಿಯೋರು ಬೆರಳೆಣಿಕೆ. ಅಲ್ಲಿ ಜನರನ್ನ ಕುಡಿಸ್ತಿರೋದು ತೆರಿಗೆ ಕಾನೂನು. ಅಮೆರಿಕದವು ಬಹಾಮಾಸ್‌ನ ನಸ್ಸೌಗೆ ಹೋಗೋದೂ ಹಾಗೇ, ಕಡಲು ಚೆಂದ ಅಂತಷ್ಟೇ ಅಲ್ಲ. 1886ರ ಒಂದು ಕಾಯ್ದೆ ಪ್ರಕಾರ ಪರದೇಶದ ಬಾವುಟದ ಹಡಗು ಅಮೆರಿಕದ ಬೇರೆ ಬಂದರುಗಳಲ್ಲೂ ಜನರನ್ನ ಇಳಿಸಿ ಹೊರಟ ಬಂದರಿಗೆ ವಾಪಸ್ ಬರ್ಬೇಕಾದ್ರೆ ನಡುವೆ ಹೊರದೇಶದ ಬಂದರು ಮುಟ್ಟಲೇಬೇಕು. ಹತ್ತಿರದ್ದು ಬಹಾಮಾಸ್.

ಚೈತ್ರಾ: ಮಾವ, ಅಮ್ಮ ಆನ್‌ಲೈನ್ ಇದ್ದಾರೆ. ಅವರ್ದೇ ಹುಟ್ಟುಹಬ್ಬ, ಅವರನ್ನ ಯಾರೂ ಕೇಳ್ಲೇ ಇಲ್ಲ.

ದೊಡ್ಡಮ್ಮ (ಸಾಗರ): [ಧ್ವನಿ ಸಂದೇಶ] ನಂಗೆ ಟೈಪ್ ಮಾಡಕ್ಕೆ ಬರಲ್ಲ, ಹಾಗೇ ಹೇಳ್ತೀನಿ. ಪದ್ಮಾ, ಕುಡಿಯೋರನ್ನ ನಾನು ನೋಡಿಲ್ವಾ? ನಿಮ್ಮಣ್ಣನ ಜೊತೆ ನಲವತ್ತು ವರ್ಷ ಸಂಸಾರ ಮಾಡಿಲ್ವಾ? ಗದ್ದಲ ಮಾಡಿದ್ರೆ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ರಾಯ್ತು. ನಂಗೆ ಕೇಳ್ಬೇಕಿರೋದು ಮೂರು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಸಿಗುತ್ತಾ, ಮಂಡಿ ನೋವಿಗೆ ಲಿಫ್ಟ್ ಇರುತ್ತಾ, ಬೆಳಿಗ್ಗೆ ಬಿಸಿನೀರು ಬರುತ್ತಾ. ಹೊಸ ವರ್ಷದ ಹಿಂದೆಮುಂದೆ ಮಾತ್ರ ಬೇಡ. ಆ ರಾತ್ರಿ ಸಾಗರದ ಬಸ್‌ಸ್ಟ್ಯಾಂಡಲ್ಲೇ ನಿಲ್ಲಕ್ಕಾಗಲ್ಲ.

ಸುಧಿ: ದೊಡ್ಡಮ್ಮ, ಜೈನ್ ಊಟ ಇದೆಯಾ ಅಂತ ಕೇಳಿ ಬರೆಸಿಕೊಳ್ತೀನಿ. ಲಿಫ್ಟ್ ಇದೆ. ಬಿಸಿನೀರೂ ಇದೆ.

ರಮೇಶ್ ಮಾವ: ಡಿಸೆಂಬರ್ ಬಿಟ್ಟು ಜನವರಿ ಮೂರನೇ ವಾರ ನೋಡು. ಸಂಕ್ರಾಂತಿ ಮುಗಿದಿರುತ್ತೆ, ಮಕ್ಕಳಿಗೆ ಪರೀಕ್ಷೆ ಹತ್ತಿರ, ಆ ವಯಸ್ಸಿನ ಗುಂಪುಗಳು ಕಮ್ಮಿ. ವಾರದ ನಡುವೆ ಹೊರಡೋದು ಸಿಕ್ಕಿದ್ರೆ ಅದನ್ನೇ ಹಿಡಿ. ಕ್ಯಾಬಿನ್ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ತಗೋ, ತೂಗಾಟ ಕಮ್ಮಿ. ಬುಕ್ ಮಾಡೋ ಮೊದಲು ಡೆಕ್ ಪ್ಲಾನ್ ನನಗೆ ಕಳ್ಸು. ಮೇಲೆ ಕೆಳಗೆ ಕ್ಲಬ್ಬು, ಥಿಯೇಟರು ಇಲ್ಲದ ಹಾಗೆ ನೋಡ್ತೀನಿ. ಗಲಾಟೆಯಲ್ಲಿ ಅರ್ಧ ಅಲ್ಲೇ ತಪ್ಪುತ್ತೆ.

ವಿನಯ್: ಜನವರಿ ನಡುವಾರ ನನಗ ರಜಾ ಸಿಗೂದಿಲ್ಲಲ್ರಿ ಮಾವ 😭

ಪದ್ಮತ್ತೆ: ಗಲಾಟೆ ಕಮ್ಮಿ ಆಯ್ತು ನೋಡಿ, ಇನ್ನೂ ಬುಕ್ಕೇ ಮಾಡಿಲ್ಲ.

ಚೈತ್ರಾ: 😂😂😂 ಅತ್ತೆ ಬರ್ತಾರೆ ಅಂತ ಆಯ್ತಲ್ಲ ಹಾಗಾದ್ರೆ!

ಪದ್ಮತ್ತೆ: ಅತ್ತಿಗೆ ಹೋಗೋದಾದ್ರೆ ಅವರ ರೂಮಲ್ಲಿ ಯಾರಾದ್ರೂ ಇರ್ಬೇಕಲ್ಲ, ಅದಕ್ಕೆ. ಕ್ಯಾಸಿನೊ ಇರೋ ಡೆಕ್ ಬೇಡ. ಇವರು ಬೇರೆ ರೂಮಲ್ಲಿರ್ಲಿ, ರಾತ್ರಿ ಎದ್ದು ಇಂಜಿನ್ ಸದ್ದು ಕೇಳ್ತಾ ಕೂರ್ತಾರೆ.

ಸುಧಿ: ಸರಿ. ಎಲ್ಲರೂ ಆಧಾರ್ ಫೋಟೊ ನನಗೆ ಪರ್ಸನಲ್ ಆಗಿ ಕಳಿಸಿ, ಗ್ರೂಪ್‌ಗೆ ಹಾಕ್ಬೇಡಿ. ದೊಡ್ಡಮ್ಮ, ನಿಮ್ಮ ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಿದೆ ಅಂತಿದ್ರಲ್ಲ, ಅದು ಸರಿ ಆಯ್ತಾ?

ದೊಡ್ಡಮ್ಮ: [ಧ್ವನಿ ಸಂದೇಶ] ಇಲ್ಲ ಕಣೋ. ಅದರ ಪ್ರಕಾರ ನಂಗಿನ್ನೂ ಅರವತ್ತಾರು.